ಹೊಳೆಯೋ ಚಾಕು ಕೊಯ್ಯೋದಿಲ್ಲ!

ಹನುಮಸಾಗರ: ಬಸ್ಸಿನಿಂದ ಇಳಿದು ಬಜಾರದ ಕಡೆ ಹತ್ತು ನಿಮಿಷ ನಡೆದು ನೋಡಿ. ದಾರಿಯುದ್ದಕ್ಕೂ ಎಷ್ಟು ಚಾಕು ಕೆಲಸ ಮಾಡುತ್ತಿವೆ ಎಂದು ಯಾರಾದರೂ ಎಣಿಸಿದ್ದಾರೆಯೇ? ಹಣ್ಣಿನ ಬಂಡಿಯಲ್ಲಿ ಕಲ್ಲಂಗಡಿ ಸೀಳುವುದಕ್ಕೆ ಒಂದು. ಚಾದಂಗಡಿಯಲ್ಲಿ ನಿಂಬೆಹಣ್ಣಿಗೆ ಒಂದು. ಭಜಿ ಅಂಗಡಿಯಲ್ಲಿ ಉಳ್ಳಾಗಡ್ಡಿಗೆ ಒಂದು, ಮೆಣಸಿನಕಾಯಿ ಸೀಳುವುದಕ್ಕೆ ಇನ್ನೊಂದು. ಕಿರಾಣಿ ಅಂಗಡಿಯಲ್ಲಿ ಗೋಣಿಚೀಲದ ಸುತಳಿ ಹರಿಯುವುದಕ್ಕೆ, ರಟ್ಟಿನ ಡಬ್ಬಿಯ ಟೇಪು ಸೀಳುವುದಕ್ಕೆ ಬೇರೆ ಒಂದು. ಸೈಕಲ್ ಶಾಪಿನಲ್ಲಿ ಟ್ಯೂಬು ಕೊಯ್ಯುವುದಕ್ಕೆ, ಲೈಟಿನ ಕೆಲಸದವರ ಚೀಲದಲ್ಲಿ ವೈರಿನ ಸಿಪ್ಪೆ ಸುಲಿಯುವುದಕ್ಕೆ. ಬಸ್ಸಿಗೆ ಕಾಯುತ್ತ ಕಟ್ಟೆಯ ಮೇಲೆ ಕೂತ ಹಿರಿಯರ ಎಲೆಯಡಿಕೆ ಚೀಲದಲ್ಲಿ ಸುಣ್ಣದ ಡಬ್ಬಿ, ಅಡಕೊತ್ತಿನ ಜೊತೆಗೆ ಮಡಚುವ ಚಾಕು ಒಂದು. ಕುರಿ ಕಾಯುವವರ ಸೊಂಟದಲ್ಲಿ ಇನ್ನೊಂದು.

ಇವುಗಳಲ್ಲಿ ಕೊಯ್ಯುವಂಥವು ಎಷ್ಟು? ಅದು ಬೇರೆ ಮಾತು!

ಟಮಾಟಿ ಹಣ್ಣಿನ ಮೇಲೆ ಚಾಕು ಇಟ್ಟರೆ ಸಿಪ್ಪೆ ಸೀಳುವುದಿಲ್ಲ, ಹಣ್ಣೇ ಅಪ್ಪಚ್ಚಿಯಾಗುತ್ತದೆ. ಸುತಳಿಯನ್ನು ಕೊಯ್ಯುವ ಬದಲು ಗರಗಸದಂತೆ ಹಿಂದೆ ಮುಂದೆ ಎಳೆಯುತ್ತಾರೆ. ನಿಂಬೆಹಣ್ಣನ್ನು ಹೋಳು ಮಾಡುವುದಕ್ಕೆ ಮೊಳಕೈ ಬಲ ಹಾಕುತ್ತಾರೆ. ಬಲ ಹಾಕಿದಾಗಲೇ ಚಾಕು ಜಾರುತ್ತದೆ, ಜಾರಿದ ಚಾಕು ಹೆಬ್ಬೆರಳಿಗೆ ಬರುತ್ತದೆ. ಹರಿತವಾದ ಚಾಕು ಅಪಾಯ, ಮೊಂಡು ಚಾಕು ಸುರಕ್ಷಿತ ಎಂದು ತಿಳಿದವರು ಬಹಳ ಮಂದಿ. ವಾಸ್ತವದಲ್ಲಿ ಇದು ತಿರುಗುಮುರುಗು. ಹರಿತ ಚಾಕು ಕೈ ಹೇಳಿದ ಕಡೆ ಹೋಗುತ್ತದೆ, ಮೊಂಡು ಚಾಕು ತನಗೆ ತಿಳಿದ ಕಡೆ ಹೋಗುತ್ತದೆ. ಮೊಂಡು ಚಾಕಿನ ಗಾಯ ಅರ್ಧ ಕೊಯ್ದು ಅರ್ಧ ಹರಿದದ್ದು, ಹಾಗಾಗಿ ಮಾಯುವುದಕ್ಕೂ ಹೊತ್ತು ಹಿಡಿಯುತ್ತದೆ. ಮಣ್ಣು ಮೆತ್ತಿದ, ಕೊಳೆ ಹಿಡಿದ ಚಾಕು ತಾಗಿದರೆ ಅರಿಶಿನ ಒತ್ತಿಕೊಂಡು ಸುಮ್ಮನೆ ಕೂಡಬೇಡಿ. ಧನುರ್ವಾಯುವಿನ ಸೂಜಿ ಸರಕಾರಿ ದವಾಖಾನೆಯಲ್ಲಿ ಹಾಕುತ್ತಾರೆ.

"ಚಾಕು ಮೊಂಡ ಆತಂದ್ರ ಒಗದು ಹೊಸಾದು ತಗೊಂಡ್ರಾತು ಬಿಡ್ರಿ, ಅದಕ್ಕೇನ್ ಸಾಣಿ ಹಿಡಿಸೋದು!" ಬಜಾರದಲ್ಲಿ ಯಾರನ್ನು ಕೇಳಿದರೂ ಹೆಚ್ಚು ಕಡಿಮೆ ಇದೇ ಮಾತು. ಲೆಕ್ಕ ಬಲ್ಲ ಅಂಗಡಿಕಾರರ ಬಾಯಲ್ಲೂ ಇದೇ ಬರುವುದು ಸೋಜಿಗ. ಚಾಕಿಗೆ ಮೂವತ್ತು ರೂಪಾಯಿ ಎಂದಿಟ್ಟುಕೊಳ್ಳಿ. ಎರಡು ತಿಂಗಳಿಗೊಂದು ಎಂದರೂ ವರ್ಷಕ್ಕೆ ಆರು ಚಾಕು, ೧೮೦ ರೂಪಾಯಿ. ಐದು ವರ್ಷಕ್ಕೆ ೯೦೦. ಇಷ್ಟು ಕೊಟ್ಟೂ ಐದು ವರ್ಷದಲ್ಲಿ ಸರಿಯಾಗಿ ಕೊಯ್ದ ದಿನಗಳು ಬೆರಳೆಣಿಕೆ! ಅದೇ ದುಡ್ಡಿನ ಒಂದು ಪಾಲಿನಲ್ಲಿ ಒಳ್ಳೆಯ ಚಾಕು ಒಂದು, ಮಸೆಯುವ ಕಲ್ಲು ಒಂದು ಮನೆಗೆ ಬರುತ್ತವೆ. ಎರಡೂ ಹತ್ತು ವರ್ಷ ಬಾಳುತ್ತವೆ.

ಆಯಸ್ಕಾಂತ ತಗೊಂಡು ಹೋಗ್ರಿ

ಮೊದಲನೇ ತಪ್ಪು ಕೊಳ್ಳುವಾಗಲೇ ಆಗುತ್ತದೆ. ಜಾತ್ರೆಯ ಅಂಗಡಿಯಲ್ಲಿ, ತಳ್ಳುಗಾಡಿಯಲ್ಲಿ ಫಳಫಳ ಹೊಳೆಯುವ ಚಾಕು ಕಂಡಿತೆಂದರೆ ಕೈ ಅದರ ಕಡೆಗೇ ಹೋಗುತ್ತದೆ. ಹೊಳಪು ಬಟ್ಟಲಿಗೆ ಚೆಂದ. ಚಾಕಿಗೆ ಬೇಕಾದದ್ದು ಗಡಸುತನ.

ತುಕ್ಕು ಹಿಡಿಯದ ಉಕ್ಕು, ಅಂದರೆ ನಾವು ಸ್ಟೀಲು ಎನ್ನುವ ಸ್ಟೇನ್‌ಲೆಸ್ ಸ್ಟೀಲು, ಬಂದದ್ದು ಇಂಗ್ಲೆಂಡಿನ ಶೆಫೀಲ್ಡ್ ಪಟ್ಟಣದಿಂದ. ಅಲ್ಲಿ ಹ್ಯಾರಿ ಬ್ರೇರ್ಲಿ ಎಂಬಾತ ೧೯೧೩ರಲ್ಲಿ ಬಂದೂಕಿನ ನಳಿಗೆಗೆಂದು ಹೊಸ ಉಕ್ಕು ಹುಡುಕುತ್ತಿದ್ದಾಗ ಇದು ಕೈಗೆ ಸಿಕ್ಕಿತು. ಶೆಫೀಲ್ಡ್ ಶತಮಾನಗಳಿಂದ ಚಾಕು ಮಾಡುವವರ ಊರು. ಈತ ತನ್ನ ಉಕ್ಕನ್ನು ಚಾಕು ಮಾಡುವವರಿಗೆ ತೋರಿಸಿದಾಗ ಅವರು ನಕ್ಕರು. ಕೊಯ್ಯದ ಚಾಕು ಕಂಡುಹಿಡಿದವನು ಎಂದು ಗೇಲಿ ಮಾಡಿದರು. ಆ ಉಕ್ಕಿಗೆ ಹದ ಕೊಡುವ ರೀತಿ ಅವರಿಗೆ ಇನ್ನೂ ತಿಳಿದಿರಲಿಲ್ಲ ಅಷ್ಟೇ. ಮುಂದೆ ತಿಳಿಯಿತು, ಒಳ್ಳೆಯ ಸ್ಟೀಲು ಚಾಕುಗಳೂ ಬಂದವು. ಆದರೆ ನಮ್ಮ ಬಜಾರಿನ ಎಷ್ಟೋ ಚಾಕುಗಳಿಗೆ ಆ ಗೇಲಿ ಇವತ್ತಿಗೂ ಸರಿಯಾಗಿ ಒಪ್ಪುತ್ತದೆ.

ಕಾರಣ ಸರಳ. ಸ್ಟೀಲು ಎಂದರೆ ಒಂದೇ ಬಗೆ ಅಲ್ಲ. ನೂರಕ್ಕೆ ಹತ್ತೂವರೆ ಪಾಲಿಗಿಂತ ಹೆಚ್ಚು ಕ್ರೋಮಿಯಂ ಸೇರಿಸಿದರೆ ಉಕ್ಕು ತುಕ್ಕು ತಡೆಯುತ್ತದೆ. ಆದರೆ ಗಡುಸಾಗುವುದಕ್ಕೆ ಇಂಗಾಲ ಬೇಕು, ಕಾಸಿ ಅದ್ದಿ ಹದ ಮಾಡಬೇಕು. ತಾಟು, ತಂಬಿಗೆ ಮಾಡುವ ಸ್ಟೀಲಿನಲ್ಲಿ ಹೆಚ್ಚಿನದು ಎಷ್ಟು ಕಾಸಿ ಅದ್ದಿದರೂ ಗಡುಸಾಗದ ಜಾತಿಯದು. ಆ ತಗಡಿನಲ್ಲಿ ಚಾಕು ಕತ್ತರಿಸಿ ಮಾರಿದರೆ ಮಸೆದ ದಿನ ಕೊಯ್ಯುತ್ತದೆ, ಮರುದಿನ ಮೊಂಡು.

ಇದನ್ನು ಅಂಗಡಿಯಲ್ಲೇ ಪತ್ತೆ ಹಚ್ಚುವ ಉಪಾಯ ಒಂದಿದೆ. ಹಳೇ ರೇಡಿಯೋದ ಸ್ಪೀಕರಿನ ಆಯಸ್ಕಾಂತದ ಚೂರು ಕಿಸೆಯಲ್ಲಿ ಇಟ್ಟುಕೊಂಡು ಹೋಗಿ. ಚಾಕಿನ ಅಲಗಿಗೆ ಹಿಡಿಯಿರಿ. ಆಯಸ್ಕಾಂತ ಗಟ್ಟಿಯಾಗಿ ಹತ್ತಲಿಲ್ಲ ಅಂದರೆ ಮಾತೇ ಬೇಡ, ಕೆಳಗಿಟ್ಟು ಮುಂದೆ ನಡೆಯಿರಿ. ಹತ್ತಿತು ಅಂದಮಾತ್ರಕ್ಕೆ ಒಳ್ಳೆಯ ಚಾಕು ಎಂದೂ ಅಲ್ಲ, ಮೆತ್ತಗಿನ ಕಬ್ಬಿಣಕ್ಕೂ ಆಯಸ್ಕಾಂತ ಹತ್ತುತ್ತದೆ. ಕೆಟ್ಟದ್ದನ್ನು ಬೇರೆ ತೆಗೆಯುವುದಕ್ಕೆ ಇದು ಸಾಕು. ಅಂಗಡಿಯವರು ಒಂದು ಥರಾ ನೋಡಿದರೆ ನೋಡಲಿ ಬಿಡಿ, ರೊಕ್ಕ ಕೊಡುವವರು ನೀವು!

ಕಾರ್ಬನ್ ಉಕ್ಕಿನ ಚಾಕು, ಅಂದರೆ ಕುಲುಮೆಯಲ್ಲಿ ಬಡಿದು ಮಾಡಿದ ಕರಿ ಚಾಕು, ನೋಡುವುದಕ್ಕೆ ಚೆಂದವಿಲ್ಲ. ನೀರು ಬಿದ್ದರೆ ತುಕ್ಕು ಹಿಡಿಯುತ್ತದೆ, ನಿಂಬೆಹಣ್ಣಿನ ಹುಳಿ ತಾಗಿದರೆ ಕಪ್ಪಾಗುತ್ತದೆ. ಆದರೆ ಬೇಗ ಮಸೆಯಬಹುದು, ಮಸೆದದ್ದು ನಿಲ್ಲುತ್ತದೆ. ನನ್ನನ್ನು ಕೇಳಿದರೆ ಭಜಿ ಅಂಗಡಿಗೆ, ಹೊಲಕ್ಕೆ, ಸುತಳಿಗೆ ಇದೇ ಸರಿ. ನಿಂಬೆಹಣ್ಣು, ಸೋಡಾ, ಚಾದಂಗಡಿಯ ಒದ್ದೆ ಕೆಲಸಕ್ಕೆ ಮಾತ್ರ ಸ್ಟೀಲು ವಾಸಿ.

ಕಂಬಾರರ ಹತ್ತಿರ ಮಾಡಿಸುವುದಾದರೆ ಯಾವ ಕಬ್ಬಿಣ ಎಂದು ಕೇಳಿ, ಕೇಳಿದರೆ ಅವರೇನೂ ಬೇಸರಪಡುವುದಿಲ್ಲ. ಲಾರಿ, ಟ್ರ್ಯಾಕ್ಟರ್ ಟ್ರಾಲಿಯ ಕಮಾನ್ ಪಟ್ಟಿಯಲ್ಲಿ ನೂರಕ್ಕೆ ಅರ್ಧ ಪಾಲಿಗಿಂತ ತುಸು ಹೆಚ್ಚು ಇಂಗಾಲ ಇರುತ್ತದೆ, ಅದು ಕುಡಗೋಲಿಗೂ ಚಾಕಿಗೂ ಒಳ್ಳೆಯದು. ಹಳೇ ಅರದಲ್ಲಿ ಇಂಗಾಲ ಇನ್ನೂ ಜಾಸ್ತಿ. ಬಹಳ ಗಡುಸು, ಹದ ತಪ್ಪಿದರೆ ಗಾಜಿನಂತೆ ಮುರಿಯುತ್ತದೆ, ಪಳಗಿದ ಕೈಯೇ ಬೇಕು. ಮನೆ ಕಟ್ಟುವ ಸರಳನ್ನು ಬಡಿದು ಚಾಕು ಮಾಡಿಕೊಡುವುದು ಕೆಲಸಕ್ಕೆ ಬಾರದ ಮಾತು. ಅದರಲ್ಲಿ ಇಂಗಾಲ ಕಡಿಮೆ, ಕಾಸಿ ನೀರಿಗೆ ಅದ್ದಿದರೂ ಚಾಕಿಗೆ ಬೇಕಾದಷ್ಟು ಗಡುಸಾಗುವುದಿಲ್ಲ.

ಕಿಸೆಯ ಚಾಕು

ಮಡಚುವ ಚಾಕು ಕೊಳ್ಳುವಾಗ ನೋಡಬೇಕಾದದ್ದು ಬೇರೆ. ಬಿಚ್ಚಿ ಹಿಡಿದು ಅಲಗನ್ನು ಎಡಕ್ಕೆ ಬಲಕ್ಕೆ ಅಲ್ಲಾಡಿಸಿ. ಲೊಡಲೊಡ ಎಂದರೆ ಬೇಡ. ಬಿಚ್ಚುವಾಗಲೂ ಮುಚ್ಚುವಾಗಲೂ ಒಳಗಿನ ಕಮಾನು ಟಕ್ ಎಂದು ಹಿಡಿಯಬೇಕು. ಸಡಿಲ ಕಮಾನಿನ ಚಾಕು ಗಟ್ಟಿ ವಸ್ತು ಕೊಯ್ಯುವಾಗ ಹಿಂದಕ್ಕೆ ಮಡಚಿಕೊಂಡು ಬೆರಳಿನ ಮೇಲೆ ಬೀಳುತ್ತದೆ. ಮುಚ್ಚಿದಾಗ ಅಲಗು ಹಿಡಿಕೆಯ ನಟ್ಟನಡುವೆ ಕೂತಿದೆಯೇ, ಬಾಯಿ ಒಳಗಿನ ಕಬ್ಬಿಣಕ್ಕೆ ತಾಗುತ್ತದೆಯೇ ನೋಡಿ. ತಾಗಿದರೆ ನೀವು ಎಷ್ಟು ಮಸೆದರೂ ಪ್ರತಿ ಸಲ ಮುಚ್ಚಿದಾಗ ಅದೊಂದು ಜಾಗ ಮೊಂಡಾಗುತ್ತದೆ. ಮೊಳೆ ಹಿತ್ತಾಳೆಯದೋ ಕಬ್ಬಿಣದ್ದೋ ಇರಲಿ, ಎರಡೂ ಕಡೆ ಚೆನ್ನಾಗಿ ಬಡಿದಿರಬೇಕು. ಪ್ಲಾಸ್ಟಿಕ್ ಹಿಡಿಕೆಗೆ ಅಂಟು ಹಾಕಿ ಕೂಡಿಸಿದ್ದು ಎರಡು ಬೇಸಿಗೆ ಕಾಣುವುದಿಲ್ಲ.

ಹತ್ತು ಬಗೆಯ ಆಯುಧ ಒಂದರಲ್ಲೇ ಇರುವ ಚಾಕುಗಳಿಗೆ ಹುಡುಗರು ಮರುಳಾಗುತ್ತಾರೆ. ಸ್ವಿಟ್ಜರ್ಲೆಂಡಿನ ಕಾರ್ಲ್ ಎಲ್ಸೆನರ್ ೧೮೯೭ರಲ್ಲಿ ತನ್ನ ದೇಶದ ಮಿಲಿಟರಿ ಅಧಿಕಾರಿಗಳಿಗೆಂದು ಮಾಡಿದ ಚಾಕಿನ ನಕಲುಗಳು ಇವು. ಅಸಲಿಯದು ಚೆನ್ನ, ಬೆಲೆಯೂ ಹಾಗೆಯೇ. ನಕಲಿಯಲ್ಲಿ ಕತ್ತರಿ ಕತ್ತರಿಸುವುದಿಲ್ಲ, ತಿರುಪು ಬಿಚ್ಚುವುದಕ್ಕೆ ಹೋದರೆ ಅದೇ ತಿರುಚಿಕೊಳ್ಳುತ್ತದೆ. ಒಂದು ಅಲಗು, ಗಟ್ಟಿ ಕಮಾನು, ಅಂಗೈ ತುಂಬ ಹಿಡಿಕೆ, ಇಷ್ಟೇ ಸಾಕು.

ಉದ್ದ ಎಷ್ಟಿರಬೇಕು? ಮೂರು ಅಂಗುಲದ ಅಲಗು ಅಂಗಡಿಯ, ಪ್ರಯಾಣದ ಎಲ್ಲ ಕೆಲಸಕ್ಕೂ ಆಗುತ್ತದೆ. ಉದ್ದ ಚಾಕಿನ ಹುಚ್ಚು ಹತ್ತಿಸಿದ್ದು ಸಿನೆಮಾ. ಉತ್ತರಪ್ರದೇಶದ ರಾಂಪುರದ ಕಸಬುದಾರರು ಮಾಡುತ್ತಿದ್ದ ಮಡಚುವ ಚಾಕು ಹಿಂದಿ ಚಿತ್ರದ ಖಳನಾಯಕರ ಕೈ ಸೇರಿ 'ರಾಂಪುರಿ' ಎಂದೇ ಹೆಸರಾಯಿತು. ಬಟನ್ ಒತ್ತಿದರೆ ಚಟ್ ಎಂದು ತೆರೆಯುವ ಅದನ್ನು ಕಂಡು ನಮ್ಮೂರುಗಳ ಟಾಕೀಸಿನಲ್ಲೂ ಸೀಟಿ ಬೀಳುತ್ತಿದ್ದವು. ಸೀಟಿ ಸರಿ, ಕಿಸೆಯಲ್ಲಿ ಇಟ್ಟುಕೊಂಡು ತಿರುಗುವುದು ಸರಿಯಲ್ಲ. ೧೯೫೯ರ ಶಸ್ತ್ರಾಸ್ತ್ರ ಕಾಯ್ದೆಯ ಕೆಳಗೆ ಬರುವ ನಿಯಮಗಳು ೯ ಅಂಗುಲಕ್ಕಿಂತ ಉದ್ದ ಅಥವಾ ೨ ಅಂಗುಲಕ್ಕಿಂತ ಅಗಲದ ಅಲಗುಳ್ಳ ಚಾಕುಗಳನ್ನು ಆಯುಧಗಳ ಸಾಲಿಗೆ ಸೇರಿಸಿವೆ. ಮನೆ, ಬೇಸಾಯ, ಕೈಗಾರಿಕೆ ಕೆಲಸಕ್ಕೆಂದೇ ಮಾಡಿದವನ್ನು ಅದರಿಂದ ಬಿಟ್ಟಿದ್ದಾರೆ. ಹಾಗಾಗಿ ರೈತರ ಕುಡಗೋಲಿಗೆ ಯಾರ ಅಡ್ಡಿಯೂ ಇಲ್ಲ. ಚುನಾವಣೆ, ಗಲಭೆ ಕಾಲದಲ್ಲಿ ನಿಷೇಧಾಜ್ಞೆ ಹಾಕಿದಾಗ ಮಾತ್ರ (ಹಿಂದೆ ೧೪೪ನೇ ಕಲಂ ಎನ್ನುತ್ತಿದ್ದೆವು, ೨೦೨೪ರ ಜುಲೈಯಿಂದ ಅದು ಹೊಸ ಸಂಹಿತೆಯ ೧೬೩ನೇ ಕಲಂ) ಹಣ್ಣು ಕೊಯ್ಯುವ ಚಾಕಾದರೂ ಅಂಗಡಿಯಲ್ಲೇ ಬಿಟ್ಟು ಬಸ್ ಹತ್ತುವುದು ಮೇಲು. ಪೊಲೀಸಿನವರ ಮುಂದೆ ನಿಂತು ಅಂಗುಲದ ಲೆಕ್ಕ ಹೇಳುತ್ತ ಕೂಡಲಾದೀತೇ?

ಉಕ್ಕು ನಮ್ಮದೇ ಮಾತು

ಶೆಫೀಲ್ಡಿನ ಕಥೆ ಹೇಳಿದೆನೆಂದು ಚಾಕಿನ ಉಕ್ಕು ಪರದೇಶದ ಸರಕು ಎಂದು ತಿಳಿಯಬೇಡಿ. ನಮ್ಮ ಜಿಲ್ಲೆಯ ಹಿರೇಬೆಣಕಲ್ ಗುಡ್ಡದ ಮೇಲೆ ನಿಂತಿರುವ ಕಲ್ಲುಮನೆಗಳು ಎರಡು ಸಾವಿರ ವರ್ಷಕ್ಕೂ ಹಿಂದೆ, ಕಬ್ಬಿಣ ಬಳಕೆಗೆ ಬಂದ ಕಾಲದಲ್ಲಿ ಎದ್ದವು. ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳಲ್ಲಿ ಅಶೋಕನ ಶಾಸನ ಕೊರೆದಾಗ ಉಳಿಗೆ ಹದ ಕೊಡುವವರು, ಉಳಿ ಮಸೆಯುವವರು ಪಕ್ಕದಲ್ಲಿ ಇದ್ದೇ ಇರಬೇಕು. ಇಲ್ಲದಿದ್ದರೆ ಆ ಗಟ್ಟಿ ಬಂಡೆಯ ಮೇಲೆ ಒಂದು ಸಾಲೂ ಮೂಡುತ್ತಿರಲಿಲ್ಲ.

ದಕ್ಷಿಣ ಹಿಂದೂಸ್ತಾನದ ಮೂಸೆಯ ಉಕ್ಕನ್ನು ಇಂಗ್ಲಿಷರು 'ವೂಟ್ಜ್' ಎಂದು ಕರೆದರು. ೧೭೯೫ರಲ್ಲಿ ಲಂಡನ್ನಿನ ವಿದ್ವಾಂಸರ ಬರಹದಲ್ಲಿ ಆ ಹೆಸರು ಅಚ್ಚಾಯಿತು. ನಮ್ಮ 'ಉಕ್ಕು' ಎಂಬ ಮಾತೇ ಬರೆಯುವವರ ಕೈಯಲ್ಲಿ ಹೀಗೆ ಕೆಟ್ಟಿತು ಎಂದು ಬಲ್ಲವರು ಹೇಳುತ್ತಾರೆ. ೧೮೦೦ರ ಸುಮಾರಿಗೆ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಮೂಸೆಯಲ್ಲಿ ಉಕ್ಕು ಕಾಸುವುದನ್ನು ಕಂಡು ಬರೆದಿಟ್ಟ. ಲಂಡನ್ನಿನ ಚಾಕು ಕಸಬುದಾರ ಜೇಮ್ಸ್ ಸ್ಟೋಡಾರ್ಟ್ ಈ ಉಕ್ಕನ್ನೇ ಮೆಚ್ಚಿ ವೈದ್ಯರ ಚಾಕು ಮಾಡಿದ. ಅವನ ಜೊತೆ ಸೇರಿ ಈ ಉಕ್ಕಿನ ಗುಟ್ಟು ಹುಡುಕಿದವನು ಮೈಕೆಲ್ ಫ್ಯಾರಡೆ. ಕರೆಂಟಿನ ಶಾಸ್ತ್ರಕ್ಕೆ ಹೆಸರಾದ ಅದೇ ಫ್ಯಾರಡೆ, ಕಂಬಾರನ ಮಗ! ಇಂಥ ಸೀಮೆಯ ನಾವು ಕೊಯ್ಯದ ತಗಡನ್ನು ಜಾತ್ರೆಯಲ್ಲಿ ಕೊಂಡು ತರುತ್ತಿದ್ದೇವೆ.

ಮಸೆಯುವ ಬಗೆ

ಈಗ ಮುಖ್ಯ ಮಾತಿಗೆ ಬರೋಣ. ಎಂಥ ಚಾಕೇ ಆಗಲಿ, ಮಸೆಯದಿದ್ದರೆ ಬರೀ ಕಬ್ಬಿಣದ ಚೂರು. ನಮ್ಮಲ್ಲಿ ಮಸೆಯುವುದೆಂದರೆ ಕಟ್ಟೆಯ ಕಲ್ಲಿಗೋ ಬಟ್ಟೆ ಒಗೆಯುವ ಕಲ್ಲಿಗೋ ನಾಲ್ಕು ಸಲ ಪರಪರ ಉಜ್ಜುವುದು. ಇದು ಅಷ್ಟೇನೂ ಕೆಟ್ಟದ್ದಲ್ಲ. ಮರಳುಗಲ್ಲಿನ ಹರಳು ಉಕ್ಕಿಗಿಂತ ಗಡುಸು, ಬಾದಾಮಿ ಕಡೆಯ ನುಣ್ಣನೆ ಮರಳುಗಲ್ಲಿನಲ್ಲಿ ಮಸೆದ ಕುಡಗೋಲು ಜೋಳ ಕೊಯ್ಯುತ್ತದೆ. ಆದರೆ ಚಾಕಿಗೆ ಕಟ್ಟೆಯ ಕಲ್ಲು ಒರಟು, ಬಾಯಿ ಗರಗಸದಂತೆ ಹಲ್ಲು ಹಲ್ಲಾಗುತ್ತದೆ. ನೂರಾರು ಮೈಲಿ ಹೋಗಿ ಹೆಸರು ಮಾಡಿದ ನಮ್ಮ ಪಕ್ಕದ ಇಳಕಲ್ ಕೆಂಪು ಕಲ್ಲು ಪಾಲಿಶಿಗೆ ಒಳ್ಳೆಯದು, ಈ ಕೆಲಸಕ್ಕೆ ಅಲ್ಲ.

ಹಾರ್ಡ್‌ವೇರ್ ಅಂಗಡಿಯಲ್ಲಿ ಎರಡು ಮುಖದ ಕಾರ್ಬೊರಂಡಮ್ ಕಲ್ಲು ಸಿಗುತ್ತದೆ, ಒಂದು ಮುಖ ಒರಟು, ಇನ್ನೊಂದು ನುಣುಪು. ಇಟ್ಟಂಗಿಗಿಂತ ಚಿಕ್ಕದು. ಹತ್ತು ನಿಮಿಷ ನೀರಿನಲ್ಲಿ ನೆನೆಸಿ, ಒದ್ದೆ ಅರಿವೆಯ ಮೇಲೆ ಇಡಿ, ಆಗ ಕಲ್ಲು ಜಾರುವುದಿಲ್ಲ. ಕೆಲವರು ಎಣ್ಣೆ ಹಾಕುತ್ತಾರೆ, ಅದೂ ಆದೀತು. ಒಮ್ಮೆ ಎಣ್ಣೆ ಕುಡಿದ ಕಲ್ಲಿಗೆ ಮತ್ತೆ ನೀರು ಹಾಕಿದರೆ ಮಾತ್ರ ಸರಿ ಬಾರದು. ಕೊಬ್ಬರಿ ಎಣ್ಣೆ, ಕುಸುಬೆ ಎಣ್ಣೆ ಬೇಡ, ಅವು ಅಂಟಾಗಿ ಕಲ್ಲಿನ ಕಣ್ಣು ಕಟ್ಟುತ್ತವೆ.

ಎಲ್ಲ ಗುಟ್ಟೂ ಇರುವುದು ಓರೆಯಲ್ಲಿ. ಚಾಕನ್ನು ಕಲ್ಲಿನ ಮೇಲೆ ಚಪ್ಪಟೆ ಮಲಗಿಸಿದರೆ ಅಲಗಿನ ಮೈ ಸವೆಯುತ್ತದೆ, ಬಾಯಿ ಹರಿತವಾಗದು. ಬಹಳ ಎತ್ತಿ ಹಿಡಿದರೆ ಬಾಯಿ ದಪ್ಪಗಾಗುತ್ತದೆ. ಸುಲಭದ ಅಳತೆ ಹೀಗೆ: ಅಲಗು ಎಷ್ಟು ಅಗಲವಿದೆಯೋ ಅದರ ಮೂರನೇ ಒಂದು ಪಾಲಿನಷ್ಟು ಬೆನ್ನನ್ನು ಕಲ್ಲಿನಿಂದ ಮೇಲಕ್ಕೆ ಎತ್ತಿ. ಮೂರು ಸೆಂಟಿಮೀಟರು ಅಗಲದ ಅಲಗಿಗೆ ಒಂದು ಸೆಂಟಿಮೀಟರು. ಆಗ ಓರೆ ಸುಮಾರು ೨೦ ಡಿಗ್ರಿ ಬರುತ್ತದೆ. ನಂಬಿಕೆ ಬಾರದಿದ್ದರೆ ಕಾಗದದ ಚೌಕ ಮೂಲೆಯನ್ನು ಎರಡು ಸಲ ಮಡಚಿ. ೯೦ರ ಮೂಲೆ ೪೫ ಆಗಿ, ಇಪ್ಪತ್ತೆರಡೂವರೆಗೆ ಇಳಿಯುತ್ತದೆ. ಅದನ್ನು ಕಲ್ಲಿನ ಮೇಲೆ ಇಟ್ಟು ಚಾಕನ್ನು ಅದಕ್ಕೆ ಒರಗಿಸಿ ನೋಡಿ, ಕೈಗೆ ಅಂದಾಜು ಸಿಗುತ್ತದೆ. ತೆಂಗಿನಕಾಯಿ, ಕಟ್ಟಿಗೆಗೆ ಬಳಸುವಂಥದ್ದಕ್ಕೆ ಇನ್ನೂ ಸ್ವಲ್ಪ ಎತ್ತಬೇಕು.

ಈಗ ಬಾಯಿ ಮುಂದೆ ಮಾಡಿ, ಕಲ್ಲಿನಿಂದ ತೆಳ್ಳನೆ ಪದರ ಹೆರೆದು ತೆಗೆಯುವವರಂತೆ, ಹಿಡಿಕೆಯ ಬುಡದಿಂದ ತುದಿಯವರೆಗೆ ಎಳೆಯಿರಿ. ಕಲ್ಲಿನ ಒರಟು ಮುಖದಿಂದ ಶುರು. ಬಲ ಹಾಕಬೇಡಿ, ಮಜ್ಜಿಗೆ ಕಡೆಯುವ ಕೈ ಬೇಕು, ಹಿಟ್ಟು ನಾದುವ ಕೈ ಅಲ್ಲ. ಒಂದೇ ಮಗ್ಗುಲು ಮಸೆಯುತ್ತ ಹೋಗಿ. ಸ್ವಲ್ಪ ಹೊತ್ತಿಗೆ ಇನ್ನೊಂದು ಮಗ್ಗುಲಿನಲ್ಲಿ ನೂಲಿನಂಥ ಉಕ್ಕಿನ ಎಳೆ ಏಳುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣದು, ಬೆನ್ನಿನ ಕಡೆಯಿಂದ ಬಾಯಿಯ ಆಚೆಗೆ ಬೆರಳು ಸವರಿದರೆ ಗರಗರ ಎಂದು ತಾಕುತ್ತದೆ (ಬಾಯಿಯ ಉದ್ದಕ್ಕೆ ಸವರಿದರೆ ಏನಾಗುತ್ತದೆ ಎಂದು ಹೇಳಬೇಕಿಲ್ಲ). ಈ ಎಳೆ ಬುಡದಿಂದ ತುದಿಯವರೆಗೆ ಎದ್ದಿದೆ ಎಂದರೆ ಆ ಮಗ್ಗುಲು ಮುಗಿಯಿತು. ಏಳದಿದ್ದರೆ ನೂರು ಸಲ ಉಜ್ಜಿದರೂ ಕೆಲಸ ಅರ್ಧಕ್ಕೇ ನಿಂತಿದೆ. ಹೆಚ್ಚಿನವರು ಕೈಬಿಡುವುದು ಇಲ್ಲೇ. "ಮಸದೇವಿ, ಹರೀತ ಆಗ್ಲಿಲ್ಲ" ಎನ್ನುವವರ ಚಾಕು ತೆಗೆದು ನೋಡಿದರೆ ಎಳೆ ಒಂದು ಕಡೆಯೂ ಎದ್ದಿರುವುದಿಲ್ಲ.

ಆಮೇಲೆ ಮಗ್ಗುಲು ಬದಲಿಸಿ ಅಷ್ಟೇ ಮಸೆಯಿರಿ. ನಂತರ ನುಣುಪು ಮುಖದ ಮೇಲೆ ಇನ್ನೂ ಹಗುರ ಕೈಯಿಂದ, ಈ ಕಡೆ ಒಂದು ಆ ಕಡೆ ಒಂದು. ಕೊನೆಗೆ ಉಳಿದ ಎಳೆ ಕಳೆಯಬೇಕು. ಕ್ಷೌರದವರು ಹಿಂದೆ ಕತ್ತಿಯನ್ನು ಚರ್ಮದ ಪಟ್ಟಿಗೆ ತಿಕ್ಕುತ್ತಿದ್ದುದು ಇದಕ್ಕೇ. ಹಳೇ ಬೆಲ್ಟಿನ ಒಳಮೈ ಆದೀತು. ಅದೂ ಇಲ್ಲವೆಂದರೆ ದಿನಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ಹಲಗೆಯ ಮೇಲಿಟ್ಟು, ಬೆನ್ನು ಮುಂದೆ ಮಾಡಿ ಚಾಕನ್ನು ಹತ್ತು ಸಲ ಎಳೆಯಿರಿ. ಇದಕ್ಕೆ ಈ ಪತ್ರಿಕೆಯೂ ಆದೀತು, ಆದರೆ ಓದಿ ಮುಗಿಸಿದ ಮೇಲೆ!

ಹರಿತ ನೋಡುವುದಕ್ಕೆ ಹೆಬ್ಬೆರಳು ಬೇಡ. ಬಾಯನ್ನು ಬೆಳಕಿಗೆ ನೇರವಾಗಿ ಹಿಡಿಯಿರಿ. ಮಿಣಮಿಣ ಹೊಳೆಯುವ ಜಾಗವೆಲ್ಲ ಮೊಂಡು, ಹರಿತ ಬಾಯಿಗೆ ಬೆಳಕು ಹತ್ತುವುದಿಲ್ಲ. ಇಲ್ಲವೇ ಮಾಗಿದ ಟಮಾಟಿ ಮೇಲೆ ಸುಮ್ಮನೆ ಇಟ್ಟು ಎಳೆಯಿರಿ. ಬಲ ಹಾಕದೆ ಸಿಪ್ಪೆ ಸೀಳಿತೆಂದರೆ ಗೆದ್ದಿರಿ. ಕಲ್ಲೇ ಇಲ್ಲದ ಹೊತ್ತಿನಲ್ಲಿ ಪಿಂಗಾಣಿ ಕಪ್ಪನ್ನು ಬೋರಲು ಹಾಕಿ, ಅದರ ತಳದ ಒರಟು ಬಳೆಯ ಮೇಲೆ ಎಂಟು ಹತ್ತು ಸಲ ಎಳೆದರೂ ಆ ದಿನದ ಮಟ್ಟಿಗೆ ಚಾಕು ಕೊಯ್ಯುತ್ತದೆ. ಚಾದಂಗಡಿಯವರಿಗೆ ಇದು ಪುಕ್ಕಟೆ ಸಾಣೆ.

ಕಿಡಿ ನೋಡಿ ಮರುಳಾಗಬೇಡಿ

ಸೈಕಲ್ಲಿಗೆ ಚಕ್ರ ಕಟ್ಟಿಕೊಂಡು ಓಣಿ ಓಣಿ ತಿರುಗುವ ಸಾಣೆಯವರು ಅಪರೂಪವಾಗಿದ್ದಾರೆ. ಒಂದು ಕಾಲದಲ್ಲಿ ಇದು ದೊಡ್ಡ ವಿದ್ಯೆ. ಕುರುಂದದ ಕಲ್ಲನ್ನು ಪುಡಿ ಮಾಡಿ, ಅರಗಿನಲ್ಲಿ ಕಲಸಿ ಚಕ್ರ ಕಟ್ಟುತ್ತಿದ್ದರು. ಕುರುಂದ ಎಂದರೆ ವಜ್ರದ ಕೆಳಗಿನ ಗಡುಸು, ಇಂಗ್ಲಿಷಿನ 'ಕೊರಂಡಮ್' ಎಂಬ ಮಾತೂ ನಮ್ಮ ದೇಶದಿಂದಲೇ ಹೋದದ್ದು. ವಿಜಾಪುರ, ಬೆಳಗಾವಿ ಸೀಮೆಯಲ್ಲಿ 'ಶಿಕಲಗಾರ' ಎಂಬ ಅಡ್ಡಹೆಸರು ಇವತ್ತಿಗೂ ಇದೆ. ಆಯುಧಕ್ಕೆ ಹೊಳಪು ಕೊಟ್ಟು ಹರಿತ ಮಾಡುವವರು ಎಂದು ಅದರ ಅರ್ಥ, ಫಾರಸಿಯಿಂದ ಬಂದ ಮಾತು.

ಕಾಲಿನಿಂದ ತುಳಿಯುವ ಚಕ್ರ ಒಳ್ಳೆಯದು, ನಿಧಾನ ತಿರುಗುತ್ತದೆ. ಅಪಾಯ ಇರುವುದು ಕರೆಂಟಿನ ಗ್ರೈಂಡರಿನಲ್ಲಿ. ಕಿಡಿ ಹಾರುವುದನ್ನು ಕಂಡು "ಭಾರೀ ಹರೀತ ಮಾಡಿಕೊಟ್ಟಾ" ಎಂದು ಖುಷಿ ಪಡುತ್ತೇವೆ. ಹಾರುವುದು ನಿಮ್ಮದೇ ಚಾಕಿನ ಉಕ್ಕು, ಕಾಯುವುದು ನಿಮ್ಮದೇ ಚಾಕಿನ ಬಾಯಿ. ಕುಲುಮೆಯಲ್ಲಿ ಕೆಂಪಗೆ ಕಾಸಿ ಅದ್ದಿ, ಮತ್ತೆ ಹದವಾಗಿ ಕಾಸಿ ಕೊಟ್ಟ ಗಡಸುತನ, ಬಾಯಿ ಮಿತಿಮೀರಿ ಕಾದರೆ ಹೋಗಿಬಿಡುತ್ತದೆ. ಬಣ್ಣವೇ ಅದನ್ನು ಹೇಳುತ್ತದೆ. ಮೊದಲು ಒಣ ಜೋಳದ ದಂಟಿನ ಹಳದಿ, ಆಮೇಲೆ ಕಂದು, ೩೦೦ ಡಿಗ್ರಿ ಸುಮಾರಿಗೆ ನವಿಲುಗತ್ತಿನ ನೀಲಿ. ಬಾಯಿ ನೀಲಿಗೆ ತಿರುಗಿತೆಂದರೆ ಹದ ಹೋಯಿತು, ಆ ಜಾಗ ಸವೆದು ಮುಗಿಯುವ ತನಕ ಮತ್ತೆ ಮತ್ತೆ ಮೊ೦ಡಾಗುತ್ತದೆ. ಆದ್ದರಿಂದ ಸಾಣೆ ಹಿಡಿಸುವಾಗ ಪಕ್ಕದಲ್ಲಿ ನೀರಿನ ಡಬ್ಬಿ ಇದೆಯೇ ನೋಡಿ. ಎರಡು ಎಳೆತಕ್ಕೆ ಒಮ್ಮೆ ಅದ್ದುವವರು ಕೆಲಸ ಬಲ್ಲವರು. ನೀರೇ ಇಲ್ಲದೆ ಕಿಡಿ ಹಾರಿಸುವವರಿಗೆ ಕೊಡಲಿ ಕೊಡಿ, ಚಾಕು ಕೊಡಬೇಡಿ. ಮಗ್ಗುಲಲ್ಲಿ ಮಕ್ಕಳನ್ನೂ ನಿಲ್ಲಿಸಬೇಡಿ, ಕಿಡಿ ಕಣ್ಣಿಗೆ ಬರುತ್ತದೆ.

ಮಸೆದ ಚಾಕು ಬಾಳಬೇಕೆಂದರೆ ಕೊಯ್ಯುವ ಜಾಗವೂ ಮುಖ್ಯ. ಅಂಗಡಿಯ ಕಡಪ ಕಲ್ಲಿನ ಮೇಲೆ, ಸ್ಟೀಲು ತಾಟಿನ ಮೇಲೆ ನಿಂಬೆಹಣ್ಣು ಇಟ್ಟು ಕೊಯ್ದರೆ ಒಂದು ದಿನದಲ್ಲಿ ಬಾಯಿ ಹೋಗುತ್ತದೆ. ಕಟ್ಟಿಗೆಯ ಮಣೆ ಒಂದಿರಲಿ. ಕೆಲಸ ಮುಗಿದ ಮೇಲೆ ತೊಳೆದು ಒರೆಸಿ. ಮಡಚುವ ಚಾಕಿನ ಕೀಲಿಗೆ ತಿಂಗಳಿಗೆ ಒಂದು ಹನಿ ಹೊಲಿಗೆ ಯಂತ್ರದ ಎಣ್ಣೆ. ಚಾಕು ಕೈಯಿಂದ ಕೈಗೆ ಕೊಟ್ಟರೆ ಜಗಳ ಆಗುತ್ತದೆ ಎಂದು ಮನೆಯ ಹಿರಿಯರು ಹೇಳುತ್ತಾರೆ. ಜಗಳದ ಮಾತು ಇರಲಿ, ಕೆಳಗಿಟ್ಟು ಕೊಟ್ಟರೆ ಬೆರಳಂತೂ ಉಳಿಯುತ್ತದೆ.

ದಾಳಿಂಬೆ ತೋಟದವರಿಗೆ ಇನ್ನೊಂದು ಮಾತು, ಇದು ರೊಕ್ಕದ ಮಾತು. ಕುಷ್ಟಗಿ ಸೀಮೆಯ ತೋಟಗಳನ್ನು ಹಾಳು ಮಾಡಿದ ದುಂಡಾಣು ಅಂಗಮಾರಿ ರೋಗ ಗಿಡದಿಂದ ಗಿಡಕ್ಕೆ ಹೋಗುವ ದಾರಿಗಳಲ್ಲಿ ಟೊಂಗೆ ಸವರುವ ಚಾಕು, ಕತ್ತರಿಯೂ ಒಂದು. ರೋಗದ ಟೊಂಗೆ ಕೊಯ್ದ ಅದೇ ಚಾಕಿನಿಂದ ಮುಂದಿನ ಗಿಡ ಮುಟ್ಟಿದರೆ ರೋಗವನ್ನು ನಾವೇ ಕೈಯಾರೆ ಹಚ್ಚಿದಂತೆ. ಪ್ರತಿ ಗಿಡಕ್ಕೂ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ ಚಾಕು ಅದ್ದಬೇಕು ಎಂಬುದು ಶಾಸ್ತ್ರಜ್ಞರ ಸಲಹೆ. ಎಷ್ಟು ನೀರಿಗೆ ಎಷ್ಟು ಎಂಬುದನ್ನು ತೋಟಗಾರಿಕೆ ಇಲಾಖೆಯಲ್ಲಿ ಕೇಳಿ ತಿಳಿಯಿರಿ. ಈ ದ್ರಾವಣ ಕಬ್ಬಿಣವನ್ನು ತಿನ್ನುತ್ತದೆ. ಸಂಜೆ ಚಾಕನ್ನು ಚೆನ್ನಾಗಿ ತೊಳೆದು, ಒಣಗಿಸಿ, ಎಣ್ಣೆ ಸವರಿ ಇಡಬೇಕು. ಹರಿತವೂ ಇರಬೇಕು, ನುಣ್ಣಗೆ ಕೊಯ್ದ ಗಾಯ ಬೇಗ ಮಾಯುತ್ತದೆ, ಜಜ್ಜಿದ ಟೊಂಗೆ ರೋಗಕ್ಕೆ ಬಾಗಿಲು.

ಕುಲುಮೆ ಆರದಿರಬೇಕಾದರೆ

ಹಿಂದೆ ಕಂಬಾರರಿಗೆ ಆಯ ಇತ್ತು. ವರ್ಷವೆಲ್ಲ ಕುಳ ಬಡಿದು, ಕುರ್ಚಿಗಿಗೆ ಹದ ಹಾಕಿ ಕೊಟ್ಟರೆ ಸುಗ್ಗಿಯಲ್ಲಿ ರೈತರ ಕಣದಿಂದ ಜೋಳ ಬರುತ್ತಿತ್ತು. ಟ್ರ್ಯಾಕ್ಟರು ಬಂದು ಕುಳದ ಕೆಲಸ ಹೋಯಿತು, ಬಂಡಿಯ ಗಾಲಿಗೆ ಹಳಿ ಕಟ್ಟಿಸುವವರೂ ಕಡಿಮೆಯಾದರು. ಆಯವೂ ನಿಂತಿತು. ಉಳಿದದ್ದು ಕುಡಗೋಲು, ಕೊಡಲಿ, ಚಾಕು. ಅದನ್ನೂ ನಾವು ಪ್ಲಾಸ್ಟಿಕ್ ಹಿಡಿಕೆಯ ತಗಡಿಗೆ ಕೊಟ್ಟುಬಿಟ್ಟರೆ ತಿದಿ ಒತ್ತುವುದು ಯಾರಿಗಾಗಿ? ಇದು ಅವರ ಮೇಲಿನ ಕನಿಕರದ ಮಾತಲ್ಲ. ಚಾಕು ಹದ ತಪ್ಪಿದರೆ ಮತ್ತೆ ಹದ ಕೊಡುವುದಕ್ಕೆ ಬಸ್ ಹತ್ತಿ ಎಲ್ಲಿಗೆ ಹೋಗಬೇಕು, ಹೇಳಿ.

ಕೇಂದ್ರ ಸರಕಾರ ೨೦೨೩ರ ಸೆಪ್ಟೆಂಬರ್ ೧೭ರಂದು ವಿಶ್ವಕರ್ಮ ಯೋಜನೆ ಶುರು ಮಾಡಿತು. ಹದಿನೆಂಟು ಕಸಬುಗಳಿಗೆ ತರಬೇತಿ, ದಿನಕ್ಕೆ ೫೦೦ ರೂಪಾಯಿ ಭತ್ಯೆ, ಸಲಕರಣೆಗೆ ೧೫ ಸಾವಿರ ರೂಪಾಯಿವರೆಗೆ ನೆರವು. ಜಾಮೀನಿಲ್ಲದೆ ಮೊದಲು ಒಂದು ಲಕ್ಷ, ಅದು ತೀರಿಸಿದ ಮೇಲೆ ಎರಡು ಲಕ್ಷ ಸಾಲ, ಬಡ್ಡಿ ನೂರಕ್ಕೆ ಐದು. ಕಂಬಾರಿಕೆ ಈ ಹದಿನೆಂಟರಲ್ಲಿ ಇದೆ, ಸಲಕರಣೆ ಮಾಡುವವರೂ ಇದ್ದಾರೆ. ಆದರೆ ಸಾಣೆ ಹಿಡಿಯುವವರ ಹೆಸರು ಬೇರೆಯಾಗಿ ಇಲ್ಲ! ಕ್ಷೌರದವರು, ಹೂ ಕಟ್ಟುವವರು, ಬಟ್ಟೆ ಹೊಲಿಯುವವರು ಎಲ್ಲರೂ ಸೇರಿದ ಪಟ್ಟಿಯಲ್ಲಿ ಅವರ ಕತ್ತರಿಗೆ ಹರಿತ ಕೊಡುವವರಿಗೆ ಜಾಗವಿಲ್ಲ. ಇದನ್ನು ನಮ್ಮ ಜನಪ್ರತಿನಿಧಿಗಳು ಮೇಲಿನವರ ಕಿವಿಗೆ ಹಾಕಬೇಕು.

ಕುಲುಮೆ ಇರುವವರು ಮಾತ್ರ ತಡ ಮಾಡುವುದು ಬೇಡ. ವಯಸ್ಸು ಹದಿನೆಂಟು ದಾಟಿರಬೇಕು, ಒಂದು ಕುಟುಂಬಕ್ಕೆ ಒಬ್ಬರಿಗೆ ಮಾತ್ರ. ಆಧಾರ್, ಬ್ಯಾಂಕಿನ ಪಾಸ್‌ಬುಕ್, ರೇಷನ್ ಕಾರ್ಡು ತೆಗೆದುಕೊಂಡು ಸಾಮಾನ್ಯ ಸೇವಾ ಕೇಂದ್ರಕ್ಕೆ ಹೋಗಿ ಹೆಸರು ಹಚ್ಚಬೇಕು. ಅರ್ಜಿಯ ಮೊದಲ ಪರಿಶೀಲನೆ ಗ್ರಾಮ ಪಂಚಾಯಿತಿಯಲ್ಲೇ ಆಗುತ್ತದೆ, ಆಮೇಲೆ ಜಿಲ್ಲೆಗೆ ಹೋಗುತ್ತದೆ. ಅರ್ಜಿ ಹಾಕಿ ಮನೆಯಲ್ಲಿ ಕೂತವರು ಪಂಚಾಯಿತಿಗೆ ಹೋಗಿ ತಮ್ಮ ಕಾಗದ ಯಾರ ಮೇಜಿನ ಮೇಲಿದೆ ಎಂದು ಒಮ್ಮೆ ಕೇಳಿಕೊಂಡು ಬರುವುದು ಒಳ್ಳೆಯದು.